ಹದಿನಾಲ್ಕು ಕಂಪ್ಯೂಟರಿಗೆ ಒಂದೇ ಲೈನು

ಕಳಲೆಯ ನಾಗಯ್ಯನವರ ಎರಡನೇ ಮಗಳು ಇಂದ್ರಾಣಿ ಡಿಪ್ಲೊಮಾ ಮುಗಿಸಿ ನಂಜನಗೂಡಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದು ೨೦೦೬ರಲ್ಲಿ. ಮಾತು ಕಡಿಮೆ. ಹಿಡಿದ ಕೆಲಸ ಮುಗಿಯುವ ತನಕ ಯಾರಿಗೂ ಹೇಳುವವಳಲ್ಲ. ಆ ಸ್ವಭಾವವೇ ಅವಳಿಗೆ ಮುಳುವಾಯಿತು.

ಕೇಂದ್ರ ಸಿದ್ದಮಲ್ಲಪ್ಪನವರದು. ಇಲ್ಲಿ ಹದಿನಾಲ್ಕು ಕಂಪ್ಯೂಟರ್, ತಿ. ನರಸೀಪುರದ ಅವರ ಶಾಖೆಯಲ್ಲಿ ಹತ್ತು. ಪ್ರತಿ ಸೋಮವಾರ ಮೈಸೂರಿನ ಕಂಪನಿಯೊಂದರಿಂದ ಹೊಸ ವಿಡಿಯೊ ಪಾಠವನ್ನು ಎಲ್ಲ ಕಂಪ್ಯೂಟರಿಗೂ ಇಳಿಸಿಕೊಳ್ಳಬೇಕು. ಅವತ್ತು ಇಂಟರ್ನೆಟ್ ಸತ್ತಂತೆಯೇ.

"ಯಾರೋ ಕದ್ದು ಸಿನಿಮಾ ಇಳಿಸ್ಕತಾವ್ರೆ ಕಣಮ್ಮ" ಎಂದರು ಸಿದ್ದಮಲ್ಲಪ್ಪ. ಅವರ ಅನುಮಾನ ಮೊದಲು ಟೆಲಿಫೋನ್ ಇಲಾಖೆಯವರ ಮೇಲಿತ್ತು, ಆಮೇಲೆ ವಿದ್ಯಾರ್ಥಿಗಳ ಮೇಲೆ ಹೋಯಿತು.

ಇಂದ್ರಾಣಿ ಕೂತು ನೋಡಿದಳು. ಕಳ್ಳ ಯಾರೂ ಇರಲಿಲ್ಲ. ಒಂದೇ ಪಾಠ ಒಂದೇ ಲೈನಿನಲ್ಲಿ ಹದಿನಾಲ್ಕು ಸಲ ಬರುತ್ತಿತ್ತು. ಪಾಠವನ್ನು ಚೂರು ಚೂರು ಮಾಡಿ, ಕಂಪ್ಯೂಟರುಗಳು ತಂತಮ್ಮಲ್ಲೇ ಹಂಚಿಕೊಳ್ಳುವ ಸಾಫ್ಟ್‌ವೇರ್ ಒಂದನ್ನು ಹುಡುಕಿ ಎರಡೂ ಊರಿನಲ್ಲಿ ಹಾಕಿದಳು. ಮೊದಲ ಸೋಮವಾರ ಲೈನು ಇನ್ನೂ ಕೆಟ್ಟಿತು. ಆ ಸಾಫ್ಟ್‌ವೇರಿಗೆ ಹತ್ತಿರ ಯಾವುದು, ದೂರ ಯಾವುದು ಗೊತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿರುವ ಚೂರನ್ನೇ ನರಸೀಪುರದಿಂದ ತರಿಸುತ್ತಿತ್ತು, ಇಲ್ಲಿನದನ್ನು ಅಲ್ಲಿಗೆ ಕಳಿಸುತ್ತಿತ್ತು.

ಅದೇ ಹೊತ್ತಿಗೆ ಜೊತೆಗೆ ಪಾಠ ಹೇಳುತ್ತಿದ್ದ ಮದನ್ ಅವಳ ಪರದೆ ನೋಡಿದ. ನೇರ ಮಾಲೀಕರ ಬಳಿ ಹೋದ.

"ಇಲ್ಲಿಂದ ನರಸೀಪುರಕ್ಕೆ ಏನೋ ಓಗ್ತಾ ಅದೆ ಸಾ."

ನರಸೀಪುರದಲ್ಲಿ ಹೊಸದಾಗಿ ಇನ್ನೊಬ್ಬರು ಇಂಥದೇ ಕೇಂದ್ರ ತೆರೆದಿದ್ದರು. ಇವಳು ಪಾಠ ಕದ್ದು ಅವರಿಗೆ ಕಳಿಸುತ್ತಿದ್ದಾಳೆ ಎಂದುಕೊಳ್ಳಲು ಸಿದ್ದಮಲ್ಲಪ್ಪನವರಿಗೆ ಅಷ್ಟೇ ಸಾಕಾಯಿತು. ಅವಳನ್ನು ಏನೂ ಕೇಳಲಿಲ್ಲ. ಅವಳು ಊಟಕ್ಕೆ ಹೋದಾಗ ಬ್ಯಾಗಿನಲ್ಲಿ ಸಿಡಿ ಇದೆಯೇ ಎಂದು ತಡಕಿದರು. ಶನಿವಾರ ಕಳಲೆಗೆ, ಅವಳ ಅಪ್ಪನಿಗೆ ಫೋನೂ ಮಾಡಿದರು.

"ಏನವ್ವ, ಅಲ್ಲಿಂದ ಏನಾರ ತಕ್ಕೊಂಡೋಗ್ತಿದ್ದೀಯ? ನಿಮ್ಮ ಸಾವ್ಕಾರ್ರು ಕೇಳುದ್ರು" ಎಂದರು ನಾಗಯ್ಯ, ರಾತ್ರಿ ಅವಳು ಊಟಕ್ಕೆ ಕೂತಾಗ. ಅಪ್ಪನ ದನಿಯಲ್ಲೂ ಸಣ್ಣ ಅನುಮಾನ ಕೇಳಿ ಅವಳು ತಟ್ಟೆ ಬಿಟ್ಟು ಎದ್ದಳು.

ಭಾನುವಾರವೆಲ್ಲ ಕೂತು ಸಾಫ್ಟ್‌ವೇರ್ ತಿದ್ದಿದಳು. ಪ್ರತಿ ಕಂಪ್ಯೂಟರೂ ಬೇಕಾದ ಚೂರನ್ನು ಮೊದಲು ಕೋಣೆಯೊಳಗೇ ಕೇಳಬೇಕು. ಯಾವುದರಲ್ಲೂ ಇಲ್ಲದಿದ್ದರೆ ಮಾತ್ರ ಒಂದು ಹೊರಗಿನಿಂದ ತರಬೇಕು, ಉಳಿದವು ಕಾಯಬೇಕು. ಸೋಮವಾರ ಬೆಳಿಗ್ಗೆ ಸಿದ್ದಮಲ್ಲಪ್ಪನವರನ್ನು ಕರೆದು ಕೂರಿಸಿದಳು. ಪಾಠದ ಪ್ರತಿ ಚೂರೂ ಹದಿನಾಲ್ಕರಲ್ಲಿ ಯಾವುದಾದರೊಂದಕ್ಕೆ ಬಂದು ಸೇರಿದ ಮೇಲೆ ಹೇಳಿದಳು:

"ಈಗ ಹೊರಗಿನ ವೈರ್ ಕಿತ್ತಾಕಿ ಸಾ."

"ಕಿತ್ರೆ ನಿಂತೋಯ್ತದಲ್ಲಮ್ಮ?"

"ನೀವೇ ಕಿತ್ತು ನೋಡಿ."

ಅವರು ಕಿತ್ತು ಕೈಯಲ್ಲೇ ಹಿಡಿದುಕೊಂಡರು. ಪರದೆಗಳ ಮೇಲೆ ಅಂಕಿ ಏರುತ್ತಲೇ ಇತ್ತು. ಐವತ್ತು, ಎಪ್ಪತ್ತು, ತೊಂಬತ್ತು. ಅವರು ಬಗ್ಗಿ ಮೇಜಿನ ಕೆಳಗೆ ಹೊರಗೆ ಹೋಗುವ ಬೇರೆ ವೈರ್ ಇದೆಯೇ ಎಂದು ಹುಡುಕಿದರು. ಪಂಚೆಗೆ ಧೂಳು ಹತ್ತಿತು, ಅಷ್ಟೇ. ಹದಿನಾಲ್ಕರಲ್ಲೂ ಪಾಠ ಪೂರ್ತಿಯಾಯಿತು.

"ಅಂಗಾರೆ ಆವತ್ತು ನರಸೀಪುರಕ್ಕೆ ಓಗಿದ್ದು?"

"ಆ ವಾರದ ಪಾಠದ ಚೂರು ಸಾ, ನಿಮ್ಮ ಶಾಖೆಗೇ. ನನ್ನ ಕೇಳಿದ್ರೆ ಹೇಳ್ತಿದ್ದೆ."

ಸಂಜೆ ಸಿದ್ದಮಲ್ಲಪ್ಪ ನರಸೀಪುರ ಶಾಖೆಯ ಬೀಗದ ಕೈ ತಂದು ಅವಳ ಮೇಜಿನ ಮೇಲಿಟ್ಟರು. ಅಪ್ಪನಿಗೆ ಮತ್ತೆ ಫೋನ್ ಮಾಡಿ ಹೇಳಿ ಎಂದು ಅವಳು ಪಟ್ಟು ಹಿಡಿದಳು. ಮಾಡಿದರು.

ಮುಂದೆ ಐದು ವರ್ಷ ಎರಡೂ ಕಡೆ ಅವಳದೇ ಉಸ್ತುವಾರಿ. ಸೋಮವಾರವೂ ಉಳಿದ ದಿನಗಳ ಹಾಗೇ ಕಳೆಯುತ್ತಿತ್ತು. ಮದನ್ ಕಲಿಸಿಕೊಡಿ ಎಂದಾಗ ಎಲ್ಲ ಕಲಿಸಿದಳು. ಕಂಡದ್ದನ್ನು ಹೇಳಿದ, ಅವನದೇನು ತಪ್ಪು ಎನ್ನುತ್ತಿದ್ದಳು. ಆದರೂ ಅವನು ಕೋಣೆಗೆ ಬಂದರೆ ಅವಳ ಕೈ ತಾನಾಗಿ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸುತ್ತಿತ್ತು.