ಅಣ್ಣನ ಎಡಗೈಗೊಂದು ವೂಫರ್

“ನನ್ನ ಎಡಗೈ ಎಲ್ಲಿ ಹೋತು?”

ಕಾರಿನಲ್ಲಿ ಪಕ್ಕ ಕೂತಿದ್ದ ಅಣ್ಣ ಹೀಗೆ ಕೇಳಿದಾಗ ಗಾಬರಿಯಾಗಿ ಅವನ ಕೈಯನ್ನೇ ನೋಡಿದೆ. ಕೈ ಇತ್ತು. ತೊಡೆಯ ಮೇಲೆ ನೆಮ್ಮದಿಯಾಗಿ ಕೂತಿತ್ತು. ಅವನು ಹುಡುಕುತ್ತಿದ್ದದ್ದು ಸ್ಟೀರಿಯೋ ಒಳಗಿನ ಕೈಯನ್ನು.

ಅಣ್ಣ ಇರುವುದು ಮಿರ್ಜಾನದಲ್ಲಿ. ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಳೆ ನುಡಿಸಿದವನು. ಈಗ ಮೊಣಕಾಲು ಮಡಚಲು ಬರುವುದಿಲ್ಲ. ಚಕ್ಕಳಮಕ್ಕಳ ಹಾಕಲಾಗದವನು ಮದ್ದಳೆ ಮುಟ್ಟುವುದು ಹೇಗೆ? (ಪ್ರಶ್ನೆ ಅವನದು, ನನ್ನದಲ್ಲ.) ಹಾಗಾಗಿ ಮದ್ದಳೆ ಎರಡು ವರ್ಷದಿಂದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅವನನ್ನು ಹೊನ್ನಾವರದ ಮೊಣಕಾಲು ಡಾಕ್ಟರ ಹತ್ತಿರ ಕರೆದೊಯ್ಯುವುದು ನನ್ನ ಡ್ಯೂಟಿ.

ಅವತ್ತು ಅವನಿಗೊಂದು ಸರ್‌ಪ್ರೈಸ್ ಇಟ್ಟಿದ್ದೆ. ಪರಿಚಯದವರೊಬ್ಬರು ಅವನ ಪ್ರಾಯಕಾಲದ ಒಂದು ಯಕ್ಷಗಾನ ಆಟದ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಅವನು ನುಡಿಸಿದ್ದರಲ್ಲಿ ಉಳಿದಿರುವುದು ಅದೊಂದೇ. ಕುಮಟಾ ದಾಟಿದ ಮೇಲೆ ಹಾಕಿದೆ.

ಭಾಗವತರು ಕೇಳಿಸಿದರು. ತಾಳ ಕೇಳಿಸಿತು. ಚಂಡೆಯಂತೂ ಕಿವಿ ಹರಿಯುವಂತೆ ಕೇಳಿಸಿತು. ಮದ್ದಳೆಯಲ್ಲಿ ಮಾತ್ರ ಬಲಗೈಯ ಟಿಂಗ್ ಟಿಂಗ್ ಬಿಟ್ಟರೆ ಏನೂ ಇಲ್ಲ.

ಮದ್ದಳೆಯ ಎಡಬದಿಗೆ ಅನ್ನ, ಬೂದಿ ಕಲಸಿ ಹಚ್ಚುತ್ತಾರೆ. ಅದಕ್ಕೆ ಬೋನ ಅಂತ ಹೆಸರು. ಅದು ಹದಕ್ಕೆ ಬಂದರೆ ಮಾತ್ರ ಎಡಗೈಯ ಪೆಟ್ಟು ಎದೆಗೆ ತಾಗುತ್ತದೆ. ಚಿಕ್ಕಂದಿನಲ್ಲಿ ಬೋನಕ್ಕೆಂದು ನನ್ನ ಬಟ್ಟಲಿನಿಂದಲೇ ಅವನು ಅನ್ನ ಕದಿಯುತ್ತಿದ್ದ. ನನ್ನ ಅನ್ನ ತಿಂದು ಗುಂಯ್ಗುಟ್ಟಿದ ಆ ನಾದ ನನಗೆ ಗೊತ್ತಿಲ್ಲವೇ? ಕಾರಿನಲ್ಲಿ ಅದರ ಸುಳಿವೇ ಇರಲಿಲ್ಲ.

ಹೊನ್ನಾವರದಲ್ಲಿ ಇಳಿಯುವಾಗ ಅಣ್ಣ ಹೇಳಿದ: “ಹಿಂಗೇ ನುಡಿಸ್ತಿದ್ನಾ ನಾನು? ಎಲ್ಲರೂ ಸುಮ್ಮನೆ ಹೊಗಳ್ತಿದ್ರು ಕಾಣ್ತದೆ. ಆ ಮದ್ದಳೆ ಯಾರಿಗಾದ್ರೂ ಕೊಟ್ಬಿಡು, ತಂಗಿ.”

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಬಾಗಿಲೊಳಗಿನ ಎರಡು ಅಗ್ಗದ ಸ್ಪೀಕರುಗಳು ಒಬ್ಬ ಮನುಷ್ಯನ ಮೂವತ್ತು ವರ್ಷವನ್ನು ನುಂಗಿ ನೀರು ಕುಡಿಯುವುದೆಂದರೇನು? ಅವತ್ತೇ ತೀರ್ಮಾನ ಮಾಡಿದೆ. ಕಾರಿಗೆ ಆಂಪ್ಲಿಫೈಯರ್ ಹಾಕಿಸುತ್ತೇನೆ. ತಗ್ಗಿನ ನಾದ ಹೊರಡಿಸುವ ವೂಫರ್ ಹಾಕಿಸುತ್ತೇನೆ.

ಸುದ್ದಿ ಕೇಳಿದ್ದೇ ತಡ, ಉಪದೇಶದ ಸುರಿಮಳೆ.

“ಎಂತಕ್ಕೆ ಮಾರಾಯ್ತಿ? ವಾರಂಟಿ ಹೋಗ್ತದೆ” ಅಂದರು ನಮ್ಮ ಮನೆಯವರು. (ಅವರು ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನೂ ಇನ್ನೂ ತೆಗೆದಿಲ್ಲ.) ನಾನು ಪಾಠ ಮಾಡುವುದು ಶಿರಾಲಿಯ ಹೈಸ್ಕೂಲಿನಲ್ಲಿ. ಅಲ್ಲಿನ ಸಹೋದ್ಯೋಗಿಯೊಬ್ಬರು ನಕ್ಕು, “ಟೀಚರೇ, ವೂಫರ್ ಎಲ್ಲ ಪಡ್ಡೆ ಹುಡುಗ್ರ ಕೆಲಸ. ನಿಮಗೆ ಐವತ್ತಾರು” ಎಂದರು.

ಐವತ್ತಾರಾದರೆ ಕಿವಿಯೂ ಪೆನ್ಷನ್ನಿಗೆ ಅರ್ಜಿ ಹಾಕಬೇಕೇ? ದಿನಾ ಕುಮಟಾದಿಂದ ಶಿರಾಲಿಗೆ ಹೋಗಿಬರುವ ಹೆಂಗಸು ನಾನು. ಮನೆಯಲ್ಲಿ ಟಿವಿ ಅವರದು, ಶಾಲೆಯಲ್ಲಿ ಬೆಲ್ಲು ಹೆಡ್‌ಮಾಸ್ಟರರದು. ನನ್ನ ಇಷ್ಟದ ಸದ್ದು ನನಗೆ ಸಿಗುವುದು ಆ ಹೆದ್ದಾರಿಯ ಮೇಲೆ ಮಾತ್ರ. ಅಲ್ಲೂ ಬೇರೆಯವರ ಅಪ್ಪಣೆ ಬೇಕೇ?

ಭಾನುವಾರ ಅಣ್ಣನನ್ನು ಕೂರಿಸಿಕೊಂಡು ಭಟ್ಕಳಕ್ಕೆ ಹೋದೆ. ಅಲ್ಲಿ ಇಸ್ಮಾಯಿಲ್ ಭಾಯಿ ಎಂಬವರ ಕಾರ್ ಆಡಿಯೋ ಅಂಗಡಿ.

“ಮಗನ ಗಾಡಿಯಾ ಅಕ್ಕ?”

“ನನ್ನದು.”

“ಸಾಹೇಬ್ರು?”

“ಮನೆಯಲ್ಲಿ ವಾರಂಟಿ ಕಾಯ್ತಿದ್ದಾರೆ.”

ಭಾಯಿ ಡ್ಯಾಶ್‌ಬೋರ್ಡಿನೊಳಗೆ ಟಾರ್ಚು ಬಿಟ್ಟು ನೋಡಿದರು. ಕಂಪನಿ ಸೆಟ್ ಹಾಗೇ ಇರಲಿ, ಅದರ ಹಿಂದಿನಿಂದ ವೈರ್ ತಂದು ಆಂಪ್ಲಿಫೈಯರಿಗೆ ಕೊಟ್ಟರೆ ಸಾಕು ಎಂದರು. ವೂಫರ್ ಪೆಟ್ಟಿಗೆ ಡಿಕ್ಕಿಯಲ್ಲಿ ಕೂರಲಿ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ.

“ಡಿಕ್ಕಿಯಲ್ಲಿ ಮೀನು ತರ್ತೀರಾ?”

ತರದೆ? ಭಾನುವಾರ ಬಾಡದ ಕಡಲತೀರದಿಂದ ಬಂಗಡೆ ಬರುವುದೇ ಡಿಕ್ಕಿಯಲ್ಲಿ.

“ಹಾಗಾದ್ರೆ ಬೇಡ” ಎಂದು ಭಾಯಿ ಕೈಮುಗಿದರು. ನಮ್ಮ ಕಡೆಯವರು ಹೊಸ ಪೆಟ್ಟಿಗೆಯ ಮೇಲೇ ಮೀನಿನ ಚೀಲ ಇಡುತ್ತಾರಂತೆ. ಮೀನಿನ ನೀರು ಕುಡಿದು ಪೆಟ್ಟಿಗೆ ಉಬ್ಬುತ್ತದೆ. ಆಮೇಲೆ “ಸೌಂಡ್ ಸರಿ ಇಲ್ಲ” ಎಂದು ಜಗಳಕ್ಕೆ ಬರುತ್ತಾರೆ. ಹಾಗಾಗಿ ನನಗೆ ಸೀಟಿನಡಿ ಕೂರುವ ಚಪ್ಪಟೆ ವೂಫರ್ ಸಿಕ್ಕಿತು. ನನ್ನ ಬುದ್ಧಿವಂತಿಕೆಯನ್ನು ಅಲ್ಲೇ ಮಡಚಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಭಾಯಿ ಪೆನ್‌ಡ್ರೈವ್ ಹಾಕಿ, ರೂಢಿಯಂತೆ ಬೇಸ್ ಪೂರ್ತಿ ತಿರುಗಿಸಿದರು. ಗಾಜು ನಡುಗಿತು. ಭಾಗವತರು ಬಾವಿಯೊಳಗೆ ಬಿದ್ದಂತೆ ಕೇಳಿಸಿತು. ನಾನು ಅಣ್ಣನ ಮುಖ ನೋಡಿದೆ. ಅವನ ಹುಬ್ಬು ಗಂಟಾಗಿತ್ತು. ಇದೂ ಹಾಳಾಯಿತೇ?

“ಬೋನ ಹೆಚ್ಚಾತು” ಅಂದ ಅಣ್ಣ. “ಸ್ವಲ್ಪ ತೆಗಿ.”

ಭಾಯಿ ನನ್ನ ಮುಖ ನೋಡಿದರು. ನಾನು ವಿವರಿಸುವಷ್ಟರಲ್ಲಿ ಅಣ್ಣ ಮೇಳದ ತಿರುಗಾಟದಲ್ಲಿ ಕಲಿತ ಕೊಂಕಣಿಗೆ ಇಳಿದ. ಭಾಯಿ ಕೊಂಕಣಿಯದೇ ನಂಟಿನ ತಮ್ಮ ಮನೆಮಾತು ನವಾಯತಿಯಲ್ಲಿ ಉತ್ತರಿಸಿದರು. ಇಬ್ಬರಿಗೂ ಅರ್ಥವಾಯಿತು, ನಾನು ಹೊರಗುಳಿದೆ.

“ಈಗ ಕಮ್ಮಿ ಆತು. ಒಂದು ಚೂರು ಹಚ್ಚು... ಇನ್ನೊಂದು ಚೂರು...”

ಭಾಯಿ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಹೀಗೆ ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ.

“ಹಾಂ. ಆತು. ಮುಟ್ಬೇಡ.”

ಆಗ ಕೇಳಿಸಿತು ನೋಡಿ. ನನ್ನ ಬಟ್ಟಲಿನ ಅನ್ನ! ಸೀಟಿನಡಿಯಿಂದ ಎದ್ದು ಬೆನ್ನಿಗೆ ಬಂತು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಅವನ ಎಡಗೈ ತೊಡೆಯ ಮೇಲೆ ತಾನಾಗಿ ಆಡುತ್ತಿತ್ತು. ಅಂಗಡಿಯ ಮುಂದೆ ನಿಂತು ನಾನು ಯಾವ ನಾಚಿಕೆಯೂ ಇಲ್ಲದೆ ಅತ್ತೆ.

ಇದ್ದಕ್ಕಿದ್ದಂತೆ ಅವನು ಕಣ್ಣು ಬಿಟ್ಟ. “ಅಲ್ಲೊಂದು ಪೆಟ್ಟು ತಪ್ಪಿದೆ! ಕೇಳ್ತಾ?” ಅಷ್ಟು ಖುಷಿಯಾಗಿ ತನ್ನ ತಪ್ಪು ತೋರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಖರ್ಚು ಎಷ್ಟಾಯಿತು ಎಂದು ಮಾತ್ರ ನನ್ನನ್ನು ಕೇಳಬೇಡಿ, ನಮ್ಮ ಮನೆಯವರಿಗೂ ಹೇಳಿಲ್ಲ.

ವಾಪಸ್ ಬರುವಾಗ ಅಣ್ಣ ಹೇಳಿದ: “ಮದ್ದಳೆ ಕೊಡೂದು ಬೇಡ, ತಂಗಿ. ಕುರ್ಚಿ ಮೇಲೆ ಕೂತು ನುಡಿಸಿದ್ರೆ ಯಾರು ಎಂತ ಹೇಳ್ತಾರೆ?”

ಹೇಳುವವರು ಹೇಳಿಯೇ ಹೇಳುತ್ತಾರೆ. ಹೇಳಲಿ. ಈಗ ಆ ಮೊಳೆ ಖಾಲಿ.

ಹೋದ ವಾರ ಕಾರನ್ನು ಸರ್ವಿಸಿಗೆ ಬಿಟ್ಟೆ. ಅಲ್ಲಿನ ಅಡ್ವೈಸರ್ ಸೀಟಿನಡಿ ಬಗ್ಗಿ ನೋಡಿ, ಕಳ್ಳಮಾಲು ಸಿಕ್ಕವರಂತೆ ಎದ್ದರು. “ಮೇಡಂ, ಇನ್ನು ಈ ವೈರಿಂಗಿಗೆ ವಾರಂಟಿ ಇಲ್ಲ.”

“ಬರ್ಕೊಳ್ಳಿ” ಎಂದೆ.

“ಅಲ್ಲ ಮೇಡಂ, ಕಂಪನಿ ಕೊಟ್ಟದ್ದೇ ಸಾಕಿತ್ತಲ್ಲ?”

ಸಾಕು ಎಂದು ನನ್ನ ಪರವಾಗಿ ತೀರ್ಮಾನಿಸಿದ ಆ ಕಂಪನಿಯ ಪುಣ್ಯಾತ್ಮರು ಒಮ್ಮೆಯಾದರೂ ನನ್ನ ಅಣ್ಣನ ಎಡಗೈ ಕೇಳಿದ್ದರೇ?