ಪಿನ್ನಿನ ದಾರಿಯಲ್ಲಿ ಕುಂಕುಮ

ಚಿತ್ರದುರ್ಗದ ರೈಫಲ್ ಕ್ಲಬ್ಬಿನಲ್ಲಿ ಆ ಭಾನುವಾರ ನನ್ನ ಸೋದರತ್ತೆಯ ರೈಫಲ್ ಮತ್ತೆ ಬರೀ ‘ಟಿಕ್’ ಎಂದಿತು, ಗುಂಡು ಸಿಡಿಯಲಿಲ್ಲ. ಮೇಲ್ವಿಚಾರಕರು ಹೇಳಿಯೇಬಿಟ್ಟರು: “ಮುಂದಿನ ವಾರನೂ ಹಿಂಗೇ ಆದ್ರೆ ಇದನ್ನ ತರಬ್ಯಾಡ್ರಿ ಮೇಡಂ. ಕ್ಲಬ್ಬಿನ ರೈಫಲ್‌ನಾಗೆ ಹೊಡೀರಿ.”

ಅತ್ತೆ ಅಲುಗಾಡಲಿಲ್ಲ. ಗುಂಡು ತಡವಾಗಿ ಸಿಡಿಯುವುದೂ ಉಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾದಳು. ಅಷ್ಟು ಜನರ ಮುಂದೆ ಮುಖಭಂಗವಾದರೂ ಅವಳ ಕೈಗೆ ಆತುರವಿರಲಿಲ್ಲ. ಆಮೇಲಷ್ಟೇ ಗುಂಡನ್ನು ಹೊರತೆಗೆದಳು.

ಅದು ತಾತನ ಪಾಯಿಂಟ್ ಟೂಟೂ ರೈಫಲ್. ಒಂದು ಗುಂಡು ಹಾರಿದರೆ ಮುಂದಿನದು ತಾನಾಗಿಯೇ ಒಳಬರುತ್ತದೆ. ತಾತನ ನಂತರ ಲೈಸೆನ್ಸ್ ಅತ್ತೆಯ ಹೆಸರಿಗೆ ಬಂದಿದೆ. “ಅಪ್ಪ ಕಲಿಸಿದ್ದು ಇದರಾಗೆ. ಇದನ್ನ ಬಿಟ್ರೆ ನಾನು ಹೊಡಿಯೋದನ್ನೇ ಬಿಡ್ತೀನಿ” ಎಂದಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. “ಗುಂಡೇ ಹಳೇವು, ಅದರಲ್ಲಿ ಅನುಮಾನವೇ ಇಲ್ಲ” ಎಂದು ಸಾರಿದೆ. ಅತ್ತೆ ಅದೇ ಡಬ್ಬಿಯ ಕೆಲವು ಗುಂಡುಗಳನ್ನು ಕ್ಲಬ್ಬಿನ ರೈಫಲ್ಲಿಗೆ ತುಂಬಿ ಹೊಡೆದಳು. ಎಲ್ಲವೂ ಸಿಡಿದವು.

“ಈಗ ಏನಂತೀಯ ಲೇ?”

ಸಿಡಿಯದ ಗುಂಡನ್ನು ನನ್ನ ಕಣ್ಣೆದುರು ಹಿಡಿದಳು. ಈ ಜಾತಿಯ ಗುಂಡಿಗೆ ಕಿಡಿ ಹೊತ್ತುವುದು ಬುಡದ ಅಂಚಿನಲ್ಲಿ. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಚಿಮ್ಮಿಸುವ ಪಿನ್ ಅಲ್ಲಿ ಗಟ್ಟಿಯಾಗಿ ಕುಕ್ಕಬೇಕು. ಇಲ್ಲಿ ಉಗುರು ತಾಗಿದಷ್ಟೇ ಗುರುತಿತ್ತು.

“ಹಂಗಾದ್ರೆ ಸ್ಪ್ರಿಂಗ್ ಸೋತಿದೆ. ಬದಲಾಯಿಸು.”

“ನೋಡದಂಗೇ ತೀರ್ಪು ಕೊಡ್ತೀಯಲ್ಲೇ!”

ನಮ್ಮೂರು ಹರಿಯಬ್ಬೆಯ ಮನೆಗೆ ಬಂದು, ಒಳಗೆ ಗುಂಡಿಲ್ಲವೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಜಗಲಿಯಲ್ಲಿ ರೈಫಲ್ ಬಿಚ್ಚಿದಳು. ಬೆರಳಿನಿಂದ ಒತ್ತಿದರೆ ಪಿನ್ನು ಮಧ್ಯಾಹ್ನದ ನಿದ್ದೆಯಿಂದ ಎದ್ದವರ ಹಾಗೆ ಸರಿಯಿತು. ಹೊರಗೆಳೆದಾಗ ಅದರ ಮೈತುಂಬ ಕೆಂಪನೆಯ ಅಂಟು. ವರ್ಷವರ್ಷವೂ ಆಯುಧಪೂಜೆಗೆ ಕಬ್ಬಿಣದ ಮೇಲೆ ವಿಭೂತಿ ಬಳಿದು ಕುಂಕುಮ ಇಡುವುದು, ಮರುದಿನ ತುಕ್ಕು ಹಿಡಿಯದಿರಲೆಂದು ಮೇಲೆ ಎಣ್ಣೆ ಸವರುವುದು. ಎಲ್ಲವೂ ಕಬ್ಬಿಣದ ಸಣ್ಣಪುಟ್ಟ ರಂಧ್ರಗಳಿಂದ ಒಳಗಿಳಿದು ಪಿನ್ನಿನ ದಾರಿಯಲ್ಲಿ ಕೂತಿತ್ತು.

ನನಗೆ ಹಬ್ಬ! “ನೋಡಿದ್ಯಾ ಅತ್ತೆ? ಪೂಜೆಯೇ ಕಾರಣ!”

ಅತ್ತೆ ನಕ್ಕಳು. “ನಿನಗೆ ಬೇಕಾದ ಉತ್ತರ ಸಿಕ್ತು ಅಂತ ವಿಚಾರಣೆ ಮುಗಿಸಬ್ಯಾಡ. ಸ್ಪ್ರಿಂಗೂ ಸೋತಿರಬೌದು. ತೊಳೆದು, ಬೇರೇನೂ ಮುಟ್ಟದಂಗೆ ಹೊಡೆದು ನೋಡಾಣ. ಅಲ್ಲಾ, ಕುಂಕುಮ ಇಟ್ಟೋಳು ನಾನು, ಎಣ್ಣೆ ಸುರಿದೋಳು ನಾನು. ದೇವರನ್ನ ಯಾಕೆ ಕಟಕಟೆಗೆ ಎಳೀತೀಯ?”

ಕೇಳದೆಯೇ ತನ್ನ ವಿರುದ್ಧ ಸಾಕ್ಷಿ ನುಡಿಯುವ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ನನಗೆ ಗೆಲ್ಲಬೇಕಿತ್ತು, ಅವಳಿಗೆ ತಿಳಿಯಬೇಕಿತ್ತು. ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿದಳು, ಒಣಗಿಸಿದಳು, ಪಿನ್ನಿಗೆ ಎಣ್ಣೆ ಮುಟ್ಟಿಸಲಿಲ್ಲ.

ಮುಂದಿನ ಭಾನುವಾರ ಅದೇ ಡಬ್ಬಿ, ಅದೇ ಸ್ಪ್ರಿಂಗ್. ಮೇಲ್ವಿಚಾರಕರು ಕೈಕಟ್ಟಿ ನಿಂತರು. ಒಂದರ ಹಿಂದೆ ಒಂದು ಸಿಡಿದು, ಗುಂಡುಗಳ ಖಾಲಿ ಕೊಳವೆಗಳು ಅವರ ಬೂಟಿನ ಹತ್ತಿರವೇ ಉದುರಿದವು. ಒಂದನ್ನೆತ್ತಿ ಅಂಚಿನ ತಗ್ಗನ್ನು ಉಗುರಿನಿಂದ ಸವರಿದರು. “ಏನ್ ಮಾಡಿದ್ರಿ ಮೇಡಂ?”

“ಹಬ್ಬದೂಟ ಜಾಸ್ತಿ ಆಗಿತ್ತು ಕಣ್ರಿ. ಹೊಟ್ಟೆ ತೊಳೆದೆ.”

“ಸರಿ ಬಿಡ್ರಿ, ಇದನ್ನೇ ತರ್ರಿ.”

ಆ ವರ್ಷದ ಆಯುಧಪೂಜೆಯಲ್ಲಿ ಅತ್ತೆ ಕುಂಕುಮದ ಬೆರಳನ್ನು ರೈಫಲ್ಲಿನ ಮರದ ಹಿಡಿಕೆಯ ಮೇಲೆ ತಡೆದು ನನ್ನತ್ತ ತಿರುಗಿದಳು. “ಇಲ್ಲಿಟ್ರೆ ಏನಾರ ಅಬ್ಜೆಕ್ಷನ್ ಐತಾ, ವಕೀಲಮ್ಮ?”

ಅವಳ ಬೆರಳಿನ ಸುತ್ತಲೂ ಮರವನ್ನು ನೋಡಿದೆ. ಒಂದು ರಂಧ್ರವೂ ಇರಲಿಲ್ಲ.

“ಇಲ್ಲ” ಅಂದೆ.