ವಿಮಾನ ಮುಟ್ಟುವ ಮೊದಲೇ ಹೊಡೆದ ಕಸ

ಅರಬ್ಬಿ ಸಮುದ್ರದ ನಡುವೆ ಹಾರುತ್ತಿದ್ದ ವಿಮಾನವನ್ನು ನಾನು ಇಳಕಲ್ಲಿನಲ್ಲಿ ಕೂತೇ ಒಂದೂವರೆ ತಾಸು ಮೊದಲು ದುಬೈಗೆ ಇಳಿಸಿಬಿಟ್ಟೆ. ಅಂಥ ಶಾಣ್ಯಾ ನಾನು.

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಕಾಲೇಜು ಓದುತ್ತಿದ್ದೆ. ಓಣಿಯವರ ಪತ್ರ ಓದಿ ಹೇಳುವ ಪಂಡಿತನೂ ನಾನೇ. ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿದ್ದಾಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಅವಳ ಒಬ್ಬನೇ ಮಗ ಕೆಂಪುಕಲ್ಲಿನ ಕ್ವಾರಿ ಬಿಟ್ಟು ದುಬೈಗೆ ಹೊರಟಿದ್ದ. ಬೊಂಬಾಯಿಯಿಂದ ಪತ್ರ ಬಂತು: ಬುಧವಾರ ಮುಂಜಾನೆ ಹತ್ತಕ್ಕೆ ವಿಮಾನ ಬಿಡುತ್ತದೆ, ಹನ್ನೊಂದೂವರೆಗೆ ದುಬೈ. ಮುಟ್ಟಿದ ಕೂಡಲೇ ತಂತಿ ಕಳಿಸುತ್ತೇನೆ.

ನಮ್ಮಲ್ಲಿ ಊರಿಗೆ ಹೋದವರು ಮುಟ್ಟುವ ತನಕ ಕಸಬರಿಗೆ ಹಿಡಿದು ಮನೆಯ ಕಸ ಹೊಡೆಯುವುದಿಲ್ಲ. ಹೊಡೆದರೆ ಹೋದವರಿಗೆ ಕೇಡು. ಹುನಗುಂದಕ್ಕಾದರೆ ಅರ್ಧ ತಾಸು ತಡೆದರೆ ಸಾಕು. ವಿಮಾನಕ್ಕೆ ಎಷ್ಟು ತಡೆಯಬೇಕೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಬಾಗಲಕೋಟಿಗೇ ಎರಡ ತಾಸ ಬೇಕು. ಸಮುದ್ರ ದಾಟಾಕ ಒಂದೂವರಿ ತಾಸ ಸಾಕೇನೋ?” ಎಂದಳು ಚಿಗವ್ವ.

ನಾನು ಶಾಲೆಯ ನಕಾಶೆ ಪುಸ್ತಕ ತಂದು, ಅವಳ ಮಗ್ಗದ ನೂಲನ್ನೇ ಎರಡೂ ಊರಿನ ನಡುವೆ ಎಳೆದು ಅಳೆದೆ. ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರು. ಭಾಗಿಸಿದರೆ ತಾಸಿಗೆ ಸಾವಿರದ ಮುನ್ನೂರು. ಬುದ್ಧಿ ಇದ್ದವನು ಇಷ್ಟು ವೇಗ ಹೇಗೆಂದು ಅಲ್ಲೇ ನಿಂತು ಯೋಚಿಸುತ್ತಿದ್ದ. ನಾನು ವಿಮಾನದ ಡ್ರೈವರನನ್ನು ಹೊಗಳಿದೆ.

“ವಿಮಾನ ಅಂದ್ರ ಹಂಗ, ಚಿಗವ್ವ. ಹನ್ನೊಂದೂವರಿಗೆ ಕಸಾ ಹೊಡಿ. ಖಾತ್ರಿ.”

ಬುಧವಾರ ಗಡಿಯಾರ ನೋಡಿ ಗೋಡೆಯಾಚೆಯಿಂದ ಕೂಗಿದ್ದೂ ನಾನೇ. ಅವಳು ಕಸ ಹೊಡೆದು, ನೆಮ್ಮದಿಯಿಂದ ಮಗ್ಗಕ್ಕೆ ಕೂತಳು.

ಅದೇ ದಿನ ದುಬೈಯಿಂದ ರಜೆಗೆ ಬಂದಿಳಿದ ನಮ್ಮ ಓಣಿಯ ದರ್ಜಿ ಸಂಜೆ ಹುಡುಗನ ಸುದ್ದಿ ವಿಚಾರಿಸಲು ಚಿಗವ್ವನ ಮನೆಗೆ ಬಂದ. ನಾನು ಎದೆಯುಬ್ಬಿಸಿ ಲೆಕ್ಕ ಒಪ್ಪಿಸಿದೆ.

“ಲೇ ಶಾಣ್ಯಾ, ಅಲ್ಲಿ ಗಡಿಯಾರ ನಮಗಿಂತ ಒಂದೂವರಿ ತಾಸ ಹಿಂದ ಇರ್ತಾವ. ಟಿಕೀಟಿನ್ಯಾಗ ಮುಟ್ಟೂ ಹೊತ್ತು ಅಲ್ಲಿ ಟೈಮಿನ್ಯಾಗ ಬರೀತಾರ. ಹಾದಿ ಖರೆ ಮೂರ ತಾಸಿಂದು,” ಎಂದ.

ಚಿಗವ್ವ ಕೈಯಲ್ಲಿದ್ದ ಮಗ್ಗದ ಲಾಳಿ ಕೆಳಗಿಟ್ಟಳು. “ಅಂದ್ರ ನಾ ಕಸಾ ಹೊಡಿಯೂ ಹೊತ್ತಿಗೆ ನನ್ನ ಮಗಾ ಎಲ್ಲಿದ್ದ?”

ನಾನು ಮಾಳಿಗೆಯ ಜಂತಿ ಎಣಿಸತೊಡಗಿದೆ. ದರ್ಜಿಯೇ ಹೇಳಬೇಕಾಯಿತು: “ನಟ್ಟನಡಕ, ಸಮುದ್ರದ ಮ್ಯಾಲ.”

ಗುರುವಾರ ತಂತಿ ಬರಲಿಲ್ಲ. ಮಗ್ಗದ ಸದ್ದೂ ನಿಂತಿತು. ನಾನು ತಿಪ್ಪೆ ಕೆದರಿ, ಅವಳ ಮನೆಯ ನೂಲಿನ ತುಣುಕು, ಉಳ್ಳಾಗಡ್ಡಿ ಸಿಪ್ಪೆ ಹುಡುಕಿ ತಂದು ಪಡಸಾಲೆಯಲ್ಲಿ ಮತ್ತೆ ಚೆಲ್ಲಿದೆ. ಯಾರದೋ ಕೋಳಿಯ ಪುಕ್ಕವೂ ಬಂದಿತ್ತು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಉಂಡು ಮಲಗುತ್ತಿದ್ದೆ. ಶುಕ್ರವಾರ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಪೇಪರಿನ ಮೂಲೆ ಮೂಲೆ ಓದಿದೆ. ಎಲ್ಲಾದರೂ ‘ವಿಮಾನ’ ಎಂಬ ಪದ ಕಂಡರೆ ಮೊದಲು ಊರಿನ ಹೆಸರು ಹುಡುಕುತ್ತಿದ್ದೆ.

ಶನಿವಾರ ಮಧ್ಯಾಹ್ನ ತಂತಿ ಬಂತು. ಒಡೆದು ಓದುವವನೂ ನಾನೇ. ಆರಾಮಾಗಿ ಮುಟ್ಟಿದೆ ಎಂದಿತ್ತು. ಇದನ್ನೂ ತಪ್ಪು ಓದಿರಬಹುದೆಂದು ಮೂರು ಸಲ ಓದಿ, ಆಮೇಲೆ ಹೇಳಿದೆ. ಚಿಗವ್ವ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಜೀವ ಬಂದ ನಾನು ಹಲ್ಲು ಕಿರಿದೆ. “ನೋಡ ಚಿಗವ್ವ, ಕಸಾ ಹೊಡದ್ರ ವಿಮಾನ ಬೀಳೂದಿಲ್ಲ.”

“ಬೀಳೂದಿಲ್ಲ ಅನ್ನೂದು ನನಗೂ ಗೊತ್ತೈತಿ,” ಎಂದಳು. “‘ನನಗ ತಿಳಿಯಂಗಿಲ್ಲ’ ಅಂತ ನೀ ಒಂದ ಮಾತ ಅಂದಿದ್ರ, ನಾ ಕಸಾ ಹೊಡೀದ ಸಂಜಿತನಕ ಕಾಯ್ತಿದ್ನಪಾ. ನೀ ಖಾತ್ರಿ ಅಂದಿ.”